ಮೂರ್ಛೆಯ ಮಕ್ಕಳು ಮತ್ತು ನಮ್ಮ ಹೊಣೆ

(ಬೀರೂರಿನಲ್ಲಿ ಗಿರಣಿ ಕೆಲಸಗಾರರ ಮತ್ತು ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)

ಕೂಲಿ, ಬೋನಸ್ಸು, ಪಡಿತರ, ಇವುಗಳ ಮಾತನ್ನು ಈ ವೇದಿಕೆಯಿಂದ ಅನೇಕ ಸಲ ಆಡಿದ್ದೇವೆ. ಈ ದಿನ ಬೇರೊಂದು ಮಾತು. ನೀವು ಗಿರಣಿಗೆ ಹೋಗುವಾಗ, ಅಂಗಡಿ ಬಾಗಿಲು ತೆರೆಯುವಾಗ, ಮನೆಯಲ್ಲಿ ಬಿಟ್ಟುಹೋಗುವ ಮಗುವಿನ ಮಾತು. ಅದರಲ್ಲಿಯೂ ಮೂರ್ಛೆ ಬರುವ ಮಗುವಿನ ಮಾತು. ಇದು ವೈದ್ಯರ ವಿಷಯ, ಪಕ್ಷದ ಸಭೆಯಲ್ಲಿ ಇದಕ್ಕೇನು ಕೆಲಸ ಎಂದು ಕೆಲವರು ಕೇಳಬಹುದು. ತಾಳ್ಮೆಯಿಂದ ಕೇಳಿ, ಕೊನೆಗೆ ನೀವೇ ತೀರ್ಮಾನ ಹೇಳಿ.

ಮೊದಲು ರೋಗ ಏನೆಂಬುದು ತಿಳಿಯಬೇಕು. ನಮ್ಮ ಮಿದುಳಿನ ಕೆಲಸವೆಲ್ಲ ಅತಿ ಸಣ್ಣ ವಿದ್ಯುತ್ತಿನಿಂದ ನಡೆಯತಕ್ಕದ್ದು. ಜರ್ಮನಿಯ ಹಾನ್ಸ್ ಬರ್ಗರ್ ಎಂಬ ವೈದ್ಯರು 1924ರಲ್ಲಿ ಮನುಷ್ಯನ ಮಿದುಳಿನ ಈ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿ ಬರೆಯಿಸಿದರು. ಈ ವಿದ್ಯುತ್ತು ಒಮ್ಮಿಂದೊಮ್ಮೆ ಹತೋಟಿ ತಪ್ಪಿ ಹರಿದಾಗ ಮೂರ್ಛೆ ಬರುತ್ತದೆ. ಇದರಲ್ಲಿ ದೆವ್ವವೂ ಇಲ್ಲ, ಗಾಳಿಯೂ ಇಲ್ಲ, ಪೂರ್ವಜನ್ಮದ ಪಾಪವೂ ಇಲ್ಲ. ಇದು ಮುಟ್ಟಿದರೆ ಅಂಟುವುದೂ ಇಲ್ಲ.

ಇದು ಎಲ್ಲೋ ಒಬ್ಬರಿಗೆ ಬರುವ ರೋಗವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬೆಂಗಳೂರು ನಗರದಲ್ಲಿಯೂ ಸುತ್ತಿನ ಹಳ್ಳಿಗಳಲ್ಲಿಯೂ ಒಂದು ಲಕ್ಷಕ್ಕೆ ಮೀರಿದ ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ, 2004ರಲ್ಲಿ ಲೆಕ್ಕ ಪ್ರಕಟಿಸಿದರು. ಸಾವಿರಕ್ಕೆ ಸುಮಾರು 9 ಮಂದಿಗೆ ಮೂರ್ಛೆ. ನಗರದಲ್ಲಿ ಸಾವಿರಕ್ಕೆ 6ರಷ್ಟು, ಹಳ್ಳಿಯಲ್ಲಿ 12ರಷ್ಟು. ಹೆರಿಗೆಯಲ್ಲಿ ತಡವಾಗಿ ಕೂಸಿಗೆ ಉಸಿರು ಕಟ್ಟುವುದು, ಮಿದುಳಿಗೆ ಏರುವ ಜ್ವರ, ತಲೆಗೆ ಪೆಟ್ಟು, ಹೊಲಸು ಸೇರಿದ ನೀರು ಸೊಪ್ಪಿನ ಮೂಲಕ ಹೊಟ್ಟೆಗೆ ಹೋಗುವ ಲಾಡಿಹುಳುವಿನ ಮೊಟ್ಟೆ, ಇವೆಲ್ಲ ಮೂರ್ಛೆಗೆ ಕಾರಣಗಳು. ಸೂಲಗಿತ್ತಿಯೂ ವೈದ್ಯರೂ ಸಮಯಕ್ಕೆ ಸಿಗದ ಮನೆಯಲ್ಲಿ, ಚರಂಡಿ ಪಾಯಿಖಾನೆ ನೆಟ್ಟಗಿಲ್ಲದ ಕೇರಿಯಲ್ಲಿ ಇವು ಹೆಚ್ಚು. ಈಗ ಹೇಳಿ, ಇದು ವೈದ್ಯರೊಬ್ಬರದೇ ವಿಷಯವೆ?

ನಮ್ಮ ನಾಡಿನದೇ ಎನ್ನಬಹುದಾದ ಒಂದು ಬಗೆಯೂ ಉಂಟು. ಅದೇ ಬಿಸಿನೀರಿನ ಮೂರ್ಛೆ. ವಾರಕ್ಕೊಮ್ಮೆ ಹಂಡೆಯ ಸುಡುನೀರನ್ನು ಚೊಂಬು ಚೊಂಬಾಗಿ ತಲೆಗೆ ಹುಯ್ಯುವಾಗ ಮಗು ಮಂಕಾಗಿ, ತೊದಲಿ, ಬಿದ್ದುಬಿಡುತ್ತದೆ. ಬೆಂಗಳೂರಿನ ನರರೋಗ ವೈದ್ಯ ಡಾ. ಕೆ. ಎಸ್. ಮಣಿಯವರೂ ಸಂಗಡಿಗರೂ 1970ರ ದಶಕದ ಮೊದಲಲ್ಲೇ ಇಂಥ ಹತ್ತಾರು ರೋಗಿಗಳನ್ನು ಪರೀಕ್ಷಿಸಿ ಬರೆದರು. ಮುಂದೆ 1988ರಲ್ಲಿ ನಿಮ್ಹಾನ್ಸಿನ ವೈದ್ಯರು 279 ಮಂದಿಯ ವಿವರ ಕೊಟ್ಟರು. ಗಂಡುಮಕ್ಕಳಲ್ಲಿ ಇದು ಹೆಚ್ಚು. ಕೆಲವು ಮಕ್ಕಳಿಗೆ ಆ ಕ್ಷಣದಲ್ಲಿ ಒಂದು ಬಗೆಯ ಸುಖ ತೋರುವುದರಿಂದ, ಸಾಕೆಂದರೂ ಕೇಳದೆ ತಾವೇ ಮತ್ತೆ ಮತ್ತೆ ನೀರು ಹುಯ್ದುಕೊಳ್ಳುತ್ತಾರೆ. ಮನೆಯವರು ಇದನ್ನು ಹಟವೆಂದು ತಿಳಿದು ಬಾರಿಸುತ್ತಾರೆ, ಇಲ್ಲವೆ ಮೈಮೇಲೆ ಬಂದಿದೆ ಎಂದು ಗುಡಿಗೆ ಒಯ್ಯುತ್ತಾರೆ. ಅನೇಕರಿಗೆ ನೀರಿನ ಬಿಸಿ ಇಳಿಸಿದರೇ ಸಾಕು. ಸಾಲದವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕೊಡುವ ಮಾತ್ರೆಯನ್ನು ವೈದ್ಯರು ಬರೆದುಕೊಡುತ್ತಾರೆ.

ಇನ್ನು ಮುಖ್ಯ ಮಾತಿಗೆ ಬರೋಣ. ಮೂರ್ಛೆ ಬರುವುದು ಎರಡು ನಿಮಿಷ. ಆದರೆ ಉಳಿದ ಹೊತ್ತೆಲ್ಲ ಆ ಮಗುವಿನ ಮನಸ್ಸು ಹೇಗಿರುತ್ತದೆ?

ಶಾಲೆಯಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ನಾವು ಕಂಡದ್ದುಂಟು. ಹುಡುಗ ಓದುತ್ತಿರುವಂತೆಯೇ ತಟ್ಟನೆ ನಿಲ್ಲುತ್ತಾನೆ. ಕಣ್ಣು ಒಂದೆಡೆ ನೆಟ್ಟಿರುತ್ತದೆ. ಹತ್ತು ಎಣಿಸುವಷ್ಟರಲ್ಲಿ ಮತ್ತೆ ಮೊದಲಿನಂತಾಗುತ್ತಾನೆ. ಏನಾಯಿತೆಂಬುದು ಅವನಿಗೇ ತಿಳಿಯದು. ದಿನಕ್ಕೆ ಹತ್ತಾರು ಸಲ ಹೀಗಾದರೆ ಪಾಠದ ಎಳೆ ಕಡಿದುಹೋಗುತ್ತದೆ. ಇದೂ ಮೂರ್ಛೆಯೇ, ಬೀಳದ ಮೂರ್ಛೆ. ಇದಕ್ಕೆ ಸೋಮಾರಿತನವೆಂದು ಹೆಸರಿಟ್ಟು ಬೆತ್ತ ಎತ್ತುವವರಿದ್ದಾರೆ. ಮತ್ತೊಂದು ಮಗು ತುಟಿ ಚಪ್ಪರಿಸುತ್ತ, ಅಂಗಿಯ ಗುಂಡಿ ಕೀಳುತ್ತ, ಕೇಳಿದ್ದಕ್ಕೆ ಉತ್ತರ ಕೊಡದೆ ತಿರುಗುತ್ತದೆ. ಅದಕ್ಕೆ ಹುಚ್ಚೆಂದು ಹೆಸರು.

ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ಮೈಕೆಲ್ ರಟ್ಟರ್ ಮತ್ತು ಸಂಗಡಿಗರು ಶಾಲಾಮಕ್ಕಳನ್ನು ಪರೀಕ್ಷಿಸಿ 1970ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಸಾಮಾನ್ಯ ಮಕ್ಕಳಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಮನಸ್ಸಿನ ಇಲ್ಲವೆ ನಡತೆಯ ತೊಂದರೆ. ಮಿದುಳಿಗೆ ಸಂಬಂಧಪಡದ ದೀರ್ಘ ಕಾಯಿಲೆಯ ಮಕ್ಕಳಲ್ಲಿ ಸುಮಾರು 12. ಮೂರ್ಛೆ ಮಾತ್ರ ಇದ್ದ ಮಕ್ಕಳಲ್ಲಿ ಸುಮಾರು 29. ಮೂರ್ಛೆಯ ಜೊತೆಗೆ ಮಿದುಳಿಗೆ ಪೆಟ್ಟೂ ಆಗಿದ್ದ ಮಕ್ಕಳಲ್ಲಿ ಸುಮಾರು 58.

ಈ ಅಂಕಿಗಳು ಏನು ಹೇಳುತ್ತವೆ? ಮಗುವಿನ ಸಿಡುಕು, ಅಂಜಿಕೆ, ಮರೆವು, ಒಂದೆಡೆ ಕೂರಲಾರದ ಚಡಪಡಿಕೆ, ಇವು ಕೇವಲ ಮುದ್ದಿನಿಂದ ಕೆಟ್ಟದ್ದಲ್ಲ. ಮಿದುಳಿನ ನೋವು ಒಂದು ಕಾರಣ. ಮದ್ದು ಎರಡನೆಯ ಕಾರಣ. 1912ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟೋನ್ ಮಾತ್ರೆ ಅಗ್ಗವೂ ಹೌದು, ಗುಣಕಾರಿಯೂ ಹೌದು, ಆದರೆ ಕೆಲವು ಮಕ್ಕಳನ್ನು ಮಂಕಾಗಿಸುತ್ತದೆ ಅಥವಾ ಸಿಡುಕರನ್ನಾಗಿ ಮಾಡುತ್ತದೆ. ಹೀಗಾದರೆ ವೈದ್ಯರಿಗೆ ಹೇಳಿ ಮದ್ದು ಬದಲಿಸಿಕೊಳ್ಳಬೇಕೇ ಹೊರತು ತಾವಾಗಿ ನಿಲ್ಲಿಸಕೂಡದು. ತಟ್ಟನೆ ನಿಲ್ಲಿಸಿದರೆ ಮೂರ್ಛೆ ಒಂದರ ಮೇಲೊಂದು ಬಂದು ಜೀವಕ್ಕೇ ಅಪಾಯ. ಮೂರನೆಯ ಕಾರಣ ನಾವು, ಅಂದರೆ ಸಮಾಜ. ಜೊತೆಗೆ ಆಡಲು ಬಿಡದ ನೆರೆಮನೆ, ಹಿಂದಿನ ಬೆಂಚಿಗೆ ತಳ್ಳುವ ಶಾಲೆ, ಹೆಣ್ಣುಮಗುವಾದರೆ ಮದುವೆಗೆ ತೊಡಕೆಂದು ರೋಗವನ್ನೇ ಮುಚ್ಚಿಡುವ ಮನೆ. ಮೊದಲಿನ ಎರಡಕ್ಕೆ ವೈದ್ಯರು ಬೇಕು. ಮೂರನೆಯದಕ್ಕೆ ಮದ್ದು ನಮ್ಮ ಕೈಯಲ್ಲೇ ಇದೆ.

ಕಾನೂನೂ ಬಹುಕಾಲ ಈ ಮಕ್ಕಳ ವಿರುದ್ಧವಾಗಿತ್ತು. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯಿದೆಯಲ್ಲಿ ಪದೇ ಪದೇ ಬರುವ ಮೂರ್ಛೆಯನ್ನು ಹುಚ್ಚಿನ ಪಕ್ಕದಲ್ಲಿ ಕೂರಿಸಿ ಮದುವೆಗೆ ಅಡ್ಡಿ ಎಂದು ಬರೆದಿದ್ದರು. ಹೋರಾಟದ ಫಲವಾಗಿ 1999ರಲ್ಲಿ ಆ ಪದವನ್ನು ತೆಗೆದುಹಾಕಲಾಯಿತು. ಕಾಯಿದೆಯಿಂದ ಹೋದದ್ದು ನಮ್ಮ ಮನಸ್ಸಿನಿಂದ ಹೋಯಿತೆ?

ಬಡವರಿಗೆ ಈ ಚಿಕಿತ್ಸೆ ಎಟುಕದು ಎನ್ನುವವರಿಗೆ ಯಳಂದೂರು ಉತ್ತರ. ಆ ಸಣ್ಣ ತಾಲ್ಲೂಕಿನಲ್ಲಿ ಡಾ. ಮಣಿಯವರ ತಂಡ ಹಳ್ಳಿಹಳ್ಳಿ ತಿರುಗಿ ರೋಗಿಗಳನ್ನು ಗುರುತಿಸಿತು. ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಎರಡೇ ಹಳೆಯ ಅಗ್ಗದ ಮದ್ದುಗಳಿಂದ ಹಳ್ಳಿಗಾಡಿನಲ್ಲೂ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿತು. 2001ರಲ್ಲಿ ಲಂಡನ್ನಿನ ‘ಲಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು. ಸರಿಯಾಗಿ ಮದ್ದು ಸಿಕ್ಕರೆ ಹತ್ತರಲ್ಲಿ ಏಳು ಮಂದಿ ಮೂರ್ಛೆಯಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಯಾರಾದರೂ ಬಿದ್ದರೆ ಏನು ಮಾಡಬೇಕು? ಕೈಗೆ ಕಬ್ಬಿಣ, ಬೀಗದಕೈ ಕೊಡುವುದು ಬೇಡ. ಮೂಗಿಗೆ ಚಪ್ಪಲಿ ಹಿಡಿಯುವುದು ಬೇಡ. ಅಜ್ಜಂಪುರದ ಈರುಳ್ಳಿ ಸಾರಿಗೆ ಒಳ್ಳೆಯದು, ಮೂರ್ಛೆಗಲ್ಲ. ಬಾಯಿಗೆ ನೀರು, ಬೆರಳು, ಚಮಚ ಯಾವುದನ್ನೂ ಹಾಕಕೂಡದು. ಬೆಂಕಿ, ಯಂತ್ರ, ನೀರಿನಿಂದ ದೂರ ಸರಿಸಿ, ತಲೆಯ ಕೆಳಗೆ ಬಟ್ಟೆ ಇಟ್ಟು, ಅದುರುವುದು ನಿಂತೊಡನೆ ಪಕ್ಕಕ್ಕೆ ಹೊರಳಿಸಿ. ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ.

ಬಂಧುಗಳೇ, ಬೀರೂರು ಜಂಕ್ಷನ್ನಿನಿಂದ ಬೆಂಗಳೂರಿಗೆ ರೈಲು ಇದೆ, ನಿಜ. ಆದರೆ ದಿನಗೂಲಿಯವನಿಗೆ ಒಂದು ಪ್ರಯಾಣವೆಂದರೆ ಎರಡು ದಿನದ ಕೂಲಿ ಖೋತಾ. ಆದುದರಿಂದ ಈ ಮಾತ್ರೆಗಳು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತಿಂಗಳು ತಪ್ಪದೆ ಸಿಗಬೇಕು. ಬೀಳದ ಮೂರ್ಛೆಯನ್ನು ಗುರುತಿಸಲು ಉಪಾಧ್ಯಾಯರಿಗೆ ಕಲಿಸಬೇಕು. ಮಗುವನ್ನು ವೈದ್ಯರ ಬಳಿಗೆ ಒಯ್ಯುವ ದಿನ ಗಿರಣಿಯಲ್ಲಿ ಸಂಬಳದ ರಜೆ ಸಿಗಬೇಕು. ಇವು ಮೂರೂ ನಮ್ಮ ಬೇಡಿಕೆಯ ಪಟ್ಟಿಗೆ ಸೇರಲಿ.

ಬೇಡಿಕೆ ಈಡೇರುವ ತನಕ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ನಿಮ್ಮ ಬೀದಿಯಲ್ಲಿ ಅಂಥ ಮಗುವಿದ್ದರೆ, ನಾಳೆಯೇ ನಿಮ್ಮ ಮಕ್ಕಳನ್ನು ಅದರೊಡನೆ ಆಡಲು ಕಳುಹಿಸಿ.