ಒಂದು ದ್ವೀಪ, ಎರಡು ಲೆಕ್ಕ



ಕೆರೀಬಿಯನ್ ಸಮುದ್ರದ ಹಿಸ್ಪಾನಿಯೋಲಾ ದ್ವೀಪದ ಪಶ್ಚಿಮ ಭಾಗ ಹೈಟಿ, ಪೂರ್ವ ಭಾಗ ಡೊಮಿನಿಕನ್ ಗಣರಾಜ್ಯ. ಎರಡೂ ಬೆಟ್ಟದ ಸೀಮೆಗಳೇ. ದೇಶದ ಒಟ್ಟು ಉತ್ಪನ್ನವನ್ನು ಜನಸಂಖ್ಯೆಯಿಂದ ಭಾಗಿಸಿದರೆ ಬರುವುದು ತಲಾ ಉತ್ಪನ್ನ. ಬೆಲೆಯೇರಿಕೆಯನ್ನು ಕಳೆದು ನೋಡಿದರೆ 1960ರಲ್ಲಿ ಇವೆರಡರ ತಲಾ ಉತ್ಪನ್ನ ಹೆಚ್ಚುಕಡಿಮೆ ಸಮನಾಗಿತ್ತು. 2005ರ ಹೊತ್ತಿಗೆ ಡೊಮಿನಿಕನ್ನರದು ಮೂರು ಪಟ್ಟಾಗಿತ್ತು, ಹೈಟಿಯದು ಅರ್ಧಕ್ಕಿಳಿದಿತ್ತು.

ಈ ಅಂತರವನ್ನು ಕಾಡಿನ ನಾಶವೊಂದರಿಂದಲೇ ವಿವರಿಸುವುದು ಪರಿಸರಾಸಕ್ತರ ರೂಢಿ. ಅದು ಸಾಲದು. 1804ರಲ್ಲಿ ಸ್ವತಂತ್ರವಾದ ಹೈಟಿಯಿಂದ 1825ರಲ್ಲಿ ಫ್ರಾನ್ಸ್ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಪರಿಹಾರ ಯಾರಿಗೆ? ತೋಟಗಳನ್ನೂ ಗುಲಾಮರನ್ನೂ ಕಳೆದುಕೊಂಡ ಒಡೆಯರಿಗೆ! ಅದಕ್ಕಾಗಿ ಎತ್ತಿದ ಸಾಲ ಪೂರ್ತಿ ತೀರಿದ್ದು 1947ರಲ್ಲಿ. ಬಳಿಕ 1957ರಿಂದ 1986ರವರೆಗೆ ಡುವಾಲಿಯೆ ತಂದೆ-ಮಗನ ಸರ್ವಾಧಿಕಾರ.

ಆದರೂ ಕಾಡಿನ ಪಾತ್ರ ಸಣ್ಣದಲ್ಲ. ಡೊಮಿನಿಕನ್ ಸರ್ಕಾರ 1967ರಲ್ಲಿ ಮರ ಕೊಯ್ಯುವ ಮಿಲ್ಲುಗಳನ್ನು ಮುಚ್ಚಿಸಿತು. ಮುಂದೆ ಅಡುಗೆ ಅನಿಲಕ್ಕೆ ಸಹಾಯಧನ ಕೊಟ್ಟಿತು. ಹೈಟಿಯ ಬಹುಪಾಲು ಒಲೆಗಳು ಇಂದಿಗೂ ಸೌದೆ, ಇದ್ದಿಲನ್ನೇ ನೆಚ್ಚಿವೆ. ಮಾರಾಟವಾದ ಇದ್ದಿಲಿನ ಮೂಟೆಗೆ ಉತ್ಪನ್ನದ ಲೆಕ್ಕದಲ್ಲಿ ಬೆಲೆಯುಂಟು. ಇಳಿಜಾರಿನಿಂದ ಕೊಚ್ಚಿಹೋದ ಮೇಲ್ಮಣ್ಣನ್ನು ಅದೇ ಲೆಕ್ಕದಿಂದ ಕಳೆಯುವ ಪದ್ಧತಿಯಿಲ್ಲ. ಆ ನಷ್ಟ ರೈತನಿಗೆ ಮರುವರ್ಷದ ಬೆಳೆಯಲ್ಲಿ ಕಾಣಿಸುತ್ತದೆ.