ಟೇಲರ್ ಸಾಹೇಬರು ಕಂಡ ಬಿಳಿಯ ಆಕೃತಿ
(ಸುರಪುರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ಊರಿನ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ನೋಡದವರು ಇಲ್ಲಿ ಯಾರೂ ಇರಲಾರರು. ಅಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ ಅವರ ಬಗ್ಗೆ ನಾವು ಸಾಮಾನ್ಯವಾಗಿ ಎರಡು ಮಾತು ಹೇಳುತ್ತೇವೆ. ಒಂದು, ಅವರು ಒಳ್ಳೆಯ ಆಡಳಿತಗಾರರು. ಇನ್ನೊಂದು, 1839ರಲ್ಲಿ ಠಗ್ಗರ ಕುರಿತು ಇಂಗ್ಲಿಷ್ ಕಾದಂಬರಿ ಬರೆದು ಹೆಸರಾದವರು. ಆದರೆ ಅವರು ಒಂದು ದೆವ್ವದ ಕಥೆಯನ್ನೂ ಬಿಟ್ಟುಹೋಗಿದ್ದಾರೆ. ಅದು ಕಟ್ಟುಕಥೆಯಲ್ಲ, ತಮಗೇ ಆದ ಅನುಭವವೆಂದು ಬರೆದದ್ದು. ಆ ಕಥೆ ಅಚ್ಚಾದ ಬಗೆಯನ್ನೂ ಅದನ್ನು ಓದಬೇಕಾದ ಬಗೆಯನ್ನೂ ಇಂದು ಹೇಳುತ್ತೇನೆ. ಬಳಿಕ ಅದೇ ಪುಸ್ತಕದ ಇನ್ನೊಂದು ಕಥೆಗೆ ಬರುತ್ತೇನೆ. ಅದು ನಮ್ಮ ರಾಜರ ಸಾವಿಗೆ ಸಂಬಂಧಿಸಿದ್ದು.

ಮೊದಲು ಕಥೆ. ಟೇಲರ್ ಅವರಿಗೆ ಎಳೆಯ ಪ್ರಾಯದಲ್ಲಿ ಇಂಗ್ಲೆಂಡಿನ ಒಬ್ಬ ಹೆಣ್ಣುಮಗಳ ಮೇಲೆ ಗಾಢವಾದ ಪ್ರೀತಿಯಿತ್ತು. ಯುರೋಪಿಗೆ ಹೋಗಲು ರಜೆ ಕೊಡುವುದಿಲ್ಲ ಎಂಬ ಸರ್ಕಾರಿ ಆಜ್ಞೆ ಬಂದಾಗ ಆ ಆಸೆಯನ್ನು ಕೈಬಿಟ್ಟರು. ಬಹಳ ಕಾಲದ ಮೇಲೆ, ಹೈದರಾಬಾದಿಗೆ ಹೋಗುವ ಒಂದು ಪ್ರಯಾಣದಲ್ಲಿ, ಮಕ್ತಲದಿಂದ ದಣಿದು ಬಂದು ಒಂದು ಹಳ್ಳಿಯಲ್ಲಿ ಡೇರೆ ಹಾಕಿದರು. ಸೆಕೆ, ನಾಯಿಗಳ ಬೊಗಳು, ನರಿಗಳ ಕೂಗು. ನಿದ್ದೆ ಬರಲಿಲ್ಲ. ಡೇರೆಯ ಬಾಗಿಲು ತೆರೆದಿತ್ತು, ಹೊರಗೆ ಬೆಳದಿಂಗಳು. ಆ ಬೆಳಕಿನಲ್ಲಿ ಅದೇ ಹೆಣ್ಣು ನಿಂತಂತೆ ಕಂಡಿತು. ವಯಸ್ಸು ತುಸು ಹೆಚ್ಚಾದಂತಿದ್ದ ಮುಖದಲ್ಲಿ ದುಃಖವಿತ್ತು. ಮೈಮೇಲೆ ಜಾಲರಿಯ ಬಿಳಿಯ ಉಡುಪು. ಕೈಚಾಚಿ, ತನ್ನನ್ನು ಹೋಗಗೊಡಬೇಡವೆಂದು ಮೊರೆಯಿಟ್ಟಿತು. ಟೇಲರ್ ಬರಿಗಾಲಲ್ಲಿ ಎದ್ದು ಓಡಿದರು. ಆಕೃತಿ ಹಿಂದೆ ಸರಿಯುತ್ತ ಮಾಯವಾಯಿತು. ಕಾವಲಿನ ಸಿಪಾಯಿ ಬೆರಗಾಗಿ ನೋಡುತ್ತಿದ್ದ. ಅವನಿಗೆ ಒಂದು ಮಾತೂ ಹೇಳದೆ ಟೇಲರ್ ಒಳಗೆ ಬಂದರು. ಆಮೇಲೆ ತಂದೆಗೆ ಪತ್ರ ಬರೆದು, ತನಗೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರು. ಕಾಲ ಮೀರಿತು, ನೀನು ಆ ದರ್ಶನ ಕಂಡ ದಿನವೇ ಆಕೆಯ ಮದುವೆಯಾಯಿತು ಎಂದು ಉತ್ತರ ಬಂತು.

ಇಲ್ಲಿ ಸತ್ತವರು ಯಾರೂ ಇಲ್ಲ ಎಂಬುದನ್ನು ಗಮನಿಸಬೇಕು. ಇದು ಬದುಕಿದ್ದವರ ದೆವ್ವ. ತಾವು ಮತ್ತೆ ಮದುವೆಯಾಗದಿರಲು ಇದೇ ಕಾರಣವೆಂದೂ ಟೇಲರ್ ಹೇಳುತ್ತಾರೆ.

ಈ ಕಥೆ ಬೆಳಕು ಕಂಡದ್ದು ಅವರು ತೀರಿಕೊಂಡ ಮೇಲೆ. 1824ರಲ್ಲಿ ಹುಡುಗನಾಗಿ ಭಾರತಕ್ಕೆ ಬಂದು, 1841ರಿಂದ 1853ರವರೆಗೆ ಸುರಪುರದಲ್ಲಿದ್ದು, 1860ರಲ್ಲಿ ಸ್ವದೇಶಕ್ಕೆ ಮರಳಿದ ಟೇಲರ್, ಮುಪ್ಪಿನಲ್ಲಿ ಆತ್ಮಕಥೆ ಬರೆದರು. 1876ರ ಮೇ ತಿಂಗಳಲ್ಲಿ ಫ್ರಾನ್ಸಿನ ಮೆಂಟನ್ ಎಂಬಲ್ಲಿ ನಿಧನರಾದರು. ಮರುವರ್ಷ, 1877ರಲ್ಲಿ, ಮಗಳು ಆಲಿಸ್ ಸಂಪಾದಿಸಿದ 'ದಿ ಸ್ಟೋರಿ ಆಫ್ ಮೈ ಲೈಫ್' ಬ್ಲ್ಯಾಕ್‌ವುಡ್ ಪ್ರಕಾಶನದಿಂದ ಎರಡು ಸಂಪುಟಗಳಲ್ಲಿ ಹೊರಬಂತು. ಮುನ್ನುಡಿ 'ಎಡಿನ್‌ಬರೋ ರಿವ್ಯೂ' ಸಂಪಾದಕ ಹೆನ್ರಿ ರೀವ್ ಅವರದು. 1920ರಲ್ಲಿ ಹೆನ್ರಿ ಬ್ರೂಸ್ ಸಂಪಾದಿಸಿದ ಹೊಸ ಆವೃತ್ತಿಯನ್ನು ಆಕ್ಸ್‌ಫರ್ಡ್ ಮುದ್ರಣಾಲಯ ತಂದಿತು.

ಆ ಕಾಲದ ಇಂಗ್ಲೆಂಡಿನಲ್ಲಿ ಇಂಥ ಕಥೆಗಳಿಗೆ ಓದುಗರು ಬಹಳ. ಡಿಕನ್ಸ್ ಅವರ 'ದಿ ಸಿಗ್ನಲ್‌ಮ್ಯಾನ್' 1866ರದು. ಕಥೆ ಕೇಳಿ ಬೆಚ್ಚುವುದಷ್ಟೇ ಸಾಲದು, ತನಿಖೆ ಮಾಡಬೇಕು ಎಂದವರೂ ಇದ್ದರು. 1882ರಲ್ಲಿ ಲಂಡನ್ನಿನಲ್ಲಿ ಅತೀಂದ್ರಿಯ ಸಂಶೋಧನೆಯ ಸಂಘವೊಂದು ಹುಟ್ಟಿತು. ಅದರ ಗರ್ನಿ, ಮೈಯರ್ಸ್, ಪಾಡ್‌ಮೋರ್ ಎಂಬ ಮೂವರು 1886ರಲ್ಲಿ ಬದುಕಿದ್ದವರ ಛಾಯಾದರ್ಶನಗಳ ಕುರಿತೇ ದೊಡ್ಡ ಗ್ರಂಥ ಪ್ರಕಟಿಸಿದರು. ಅವರ ಪ್ರಶ್ನೆಗಳು ನೇರ: ಕಂಡದ್ದು ಯಾವ ದಿನ? ಸುದ್ದಿ ಬರುವ ಮೊದಲೇ ಬರೆದಿಟ್ಟಿರಾ? ಪತ್ರ ಇದೆಯೇ? ಸಾಕ್ಷಿ ಯಾರು?

ಈ ಒರೆಗಲ್ಲಿಗೆ ನಮ್ಮ ಕಥೆಯನ್ನು ಉಜ್ಜಿ ನೋಡೋಣ. ತಾರೀಖನ್ನೂ ವರ್ಷವನ್ನೂ ಬೇಕೆಂದೇ ಹೇಳುತ್ತಿಲ್ಲ ಎಂದು ಟೇಲರ್ ಬರೆಯುತ್ತಾರೆ. ಆಕೆಯ ಹೆಸರಿಗೆ ಒಂದೇ ಅಕ್ಷರ. ತಂದೆಯ ಪತ್ರದ ಒಕ್ಕಣೆ ಮಾತ್ರ ಇದೆ. ಸಿಪಾಯಿ ಸಾಹೇಬರ ಓಟವನ್ನು ಕಂಡನೇ ಹೊರತು ಆಕೃತಿಯನ್ನಲ್ಲ. ಇದೇ ಟೇಲರ್ ರಾಜನಕೋಳೂರಿನ ಕಲ್ಲುಗೋರಿಗಳನ್ನು, ಜೇವರ್ಗಿಯ ಸಮಾಧಿಗಳನ್ನು ಪರಿಶೀಲಿಸಿ ವರದಿ ಬರೆದ ಮನುಷ್ಯ. ದಾಖಲೆ ಹೇಗಿರಬೇಕೆಂದು ಅವರಿಗೆ ತಿಳಿಯದೆ ಇರಲಿಲ್ಲ. ಆದರೂ ಇದನ್ನು ಸುಳ್ಳೆಂದು ತಳ್ಳಲು ನನಗೆ ಮನಸ್ಸಿಲ್ಲ. ಮದುವೆಯಾದ ಹೆಣ್ಣಿನ ಮರ್ಯಾದೆ ಕಾಯಲು ತಾರೀಖು ಮುಚ್ಚಿಟ್ಟದ್ದು ಸಹಜ. ಇದರಿಂದ ಯಾರಿಗೂ ನಷ್ಟವಿಲ್ಲ. ಇದು ಒಬ್ಬ ಒಂಟಿ ಮನುಷ್ಯನ ಕೊರಗು.

ಇನ್ನೊಂದು ಕಥೆ ಹಾಗಲ್ಲ. ರಾಜಾ ವೆಂಕಟಪ್ಪ ನಾಯಕರು ಬಾಲಕರಾಗಿದ್ದಾಗ ರಾಣಿ ಈಶ್ವರಮ್ಮನವರು ಕಾಯಿಲೆ ಮಲಗಿದ್ದರು. ಆಗ ಮಗನ ಜಾತಕದ ಗುಟ್ಟನ್ನು ಟೇಲರ್‌ಗೆ ತಿಳಿಸಿದರಂತೆ: ಹುಡುಗ 24ನೇ ವರ್ಷದಲ್ಲಿ ಸಾಯುತ್ತಾನೆ. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಹೋರಾಟ ನಡೆಯಿತು, ರಾಜರು ಹೈದರಾಬಾದಿನಲ್ಲಿ ಸೆರೆಯಾದರು. ಮರಣದಂಡನೆ ಇಳಿದಿಳಿದು ಚೆಂಗಲ್‌ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆವಾಸವಾಯಿತು. ಭವಿಷ್ಯ ಸುಳ್ಳಾಯಿತೆಂದೇ ಟೇಲರ್ ನಂಬಿದರು, ಜಾತಕ ಬಲ್ಲ ಬ್ರಾಹ್ಮಣರು ಒಪ್ಪಲಿಲ್ಲ. ಅಷ್ಟರಲ್ಲಿ ಸುದ್ದಿ ಬಂತು: ದಾರಿಯ ಬಿಡಾರದಲ್ಲಿ, ಬೆಂಗಾವಲಿನ ಅಧಿಕಾರಿ ಬಿಚ್ಚಿಟ್ಟ ಪಿಸ್ತೂಲಿನ ಗುಂಡಿಗೆ ರಾಜರು ಬಲಿಯಾಗಿದ್ದರು.

ಓದುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಆ ಕಥೆ ಮಾಡುವ ಕೆಲಸವನ್ನು ನೋಡಿ. ಸೆರೆಯಾಳಿನ ಕೈಗೆಟುಕುವಂತೆ ಪಿಸ್ತೂಲು ಹೇಗೆ ಉಳಿಯಿತು? ಆತ್ಮಹತ್ಯೆಯೋ, ಆಕಸ್ಮಿಕವೋ, ಈ ಸೀಮೆಯ ಜನ ಇಂದಿಗೂ ಅನುಮಾನಿಸುವಂತೆ ಕೊಲೆಯೋ? ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಜಾತಕದ ಮಾತು ಬಂದೊಡನೆ ಅವು ಹಿಂದೆ ಸರಿಯುತ್ತವೆ, ವಿಧಿ ಮುಂದೆ ಬಂದು ನಿಲ್ಲುತ್ತದೆ. ವಿಧಿಯನ್ನು ವಿಚಾರಣೆಗೆ ಕರೆಯುವವರು ಯಾರು? ಟೇಲರ್ ಬೇಕೆಂದೇ ಹೀಗೆ ಮಾಡಿದರೆಂದು ನಾನು ಹೇಳುತ್ತಿಲ್ಲ. ತಾವು ಸಾಕಿ ಬೆಳೆಸಿದ ಹುಡುಗನ ಸಾವನ್ನು ತಾಳಿಕೊಳ್ಳಲು ಅವರಿಗೂ ಅದು ಆಸರೆಯಾಗಿರಬಹುದು. ಆದರೆ ಓದುಗರಾದ ನಮಗೆ ಆ ರಿಯಾಯಿತಿ ಇಲ್ಲ.

ಮೊದಲ ಕಥೆಯಲ್ಲಿ ತಾರೀಖೇ ಇಲ್ಲ. ಎರಡನೆಯದರಲ್ಲಿ ತಾರೀಖು ಅತಿಯಾಗಿ ಹೊಂದಿಕೊಳ್ಳುತ್ತದೆ. ಎರಡೂ ಎಷ್ಟೋ ವರ್ಷಗಳ ಮೇಲೆ ನೆನಪಿನಿಂದ ಬರೆದವು. ಮೊದಲನೆಯದನ್ನು ಬೆಳದಿಂಗಳ ರಾತ್ರಿ ಮಕ್ಕಳಿಗೆ ಧಾರಾಳವಾಗಿ ಹೇಳಿ. ಎರಡನೆಯದನ್ನು ಹೇಳುವಾಗ ಮಾತ್ರ, ಜಾತಕದ ಜೊತೆಗೆ ಆ ಪಿಸ್ತೂಲಿನ ಮಾತನ್ನೂ ಮರೆಯದೆ ಹೇಳಿ.