ತೂಕದ ಮುಳ್ಳು ಏರಿದಾಗ

ಮೈತೂಕ ಇಳಿಸಬೇಕೆಂದು ಪಥ್ಯ ಹಿಡಿದವರ ಮನೆಯಲ್ಲಿ ಬೆಳಗಿನ ಕಾಫಿಗಿಂತ ಮೊದಲೇ ನಡೆಯುವ ವಿಧಿಯೊಂದುಂಟು. ಮೂಲೆಯಲ್ಲಿರುವ ತೂಕದ ಯಂತ್ರವನ್ನು ಹೊರಗೆಳೆದು, ಉಸಿರು ಬಿಗಿಹಿಡಿದು, ಅದರ ಮೇಲೆ ನಿಲ್ಲುವುದು. ಮುಳ್ಳು ನಿನ್ನೆಗಿಂತ ಕೆಳಗಿದ್ದರೆ ಆ ದಿನವೆಲ್ಲ ಹಬ್ಬ. ಮೇಲಿದ್ದರೆ ಮನೆಮಂದಿಗೆಲ್ಲ ಸೂತಕ. "ನಿನ್ನೆ ಎರಡೇ ಚಪಾತಿ ತಿಂದೆ, ಸಕ್ಕರೆಯಿಲ್ಲದ ಕಾಫಿ ಕುಡಿದೆ, ಸಂಜೆ ಒಂದು ಗಂಟೆ ನಡೆದೆ, ಆದರೂ ಮುಕ್ಕಾಲು ಕಿಲೋ ಹೆಚ್ಚಿದೆಯಲ್ಲ!" ಎಂಬ ಉದ್ಗಾರವನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು, ಕೆಲವರು ಆಡಿಯೂ ಇರಬಹುದು.

ಈ ಉದ್ಗಾರದ ಬೆನ್ನಿಗೇ ಎರಡು ಕೆಡುಕುಗಳು ಬಂದು ನಿಲ್ಲುತ್ತವೆ. "ಇಷ್ಟು ಕಷ್ಟಪಟ್ಟು ಏನು ಸುಖ?" ಎಂದು ಪಥ್ಯವನ್ನೇ ಬಿಟ್ಟುಬಿಡುವುದು ಒಂದು. "ನಿನ್ನೆಯ ತಪ್ಪಿಗೆ ಇಂದು ಶಿಕ್ಷೆ" ಎಂದು ಹೊಟ್ಟೆಗೆ ಏನೂ ಇಲ್ಲದೆ ಕುಳಿತು, ಸಂಜೆಯ ಹೊತ್ತಿಗೆ ಹಸಿವು ತಾಳಲಾರದೆ ಎರಡರಷ್ಟು ಉಣ್ಣುವುದು ಇನ್ನೊಂದು. ನಾಲಗೆಯ ಚಾಪಲ್ಯವನ್ನು ಗೆದ್ದವರೂ ಮುಳ್ಳಿನ ಚಾಂಚಲ್ಯಕ್ಕೆ ಸೋಲುವುದುಂಟು. ಆದುದರಿಂದ ಆ ಮುಳ್ಳು ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂಬುದನ್ನು ಸ್ವಲ್ಪ ಸಾವಧಾನವಾಗಿ ವಿಚಾರಮಾಡೋಣ.

ಮೊದಲನೆಯದಾಗಿ, ಯಂತ್ರಕ್ಕೆ ಕೊಬ್ಬು ಯಾವುದು, ನೀರು ಯಾವುದು ಎಂಬ ಭೇದ ತಿಳಿಯದು. ಒಂದು ಲೀಟರು ನೀರು ಕುಡಿದು ಒಡನೆಯೇ ಅದರ ಮೇಲೆ ನಿಂತರೆ ಒಂದು ಕಿಲೋ ಹೆಚ್ಚು ತೋರಿಸುತ್ತದೆ. ನೀವು ಉಂಡ ಅನ್ನ, ಕುಡಿದ ಮಜ್ಜಿಗೆ, ಇನ್ನೂ ಹೊರಬೀಳದ ಮಲಮೂತ್ರ, ಉಟ್ಟ ಬಟ್ಟೆ ಎಲ್ಲವೂ ಅದರ ಲೆಕ್ಕಕ್ಕೆ ಒಂದೇ. ದೊಡ್ಡವರ ಮೈತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರೇ ಇರುವುದರಿಂದ, ಆ ನೀರು ಕೊಂಚ ಹೆಚ್ಚುಕಡಿಮೆಯಾದರೂ ಮುಳ್ಳು ಅಲುಗುತ್ತದೆ.

ಇದನ್ನು ಛಲ ಹಿಡಿದು ಅಳೆದು ನೋಡಿದ ಮಹಾಶಯನೊಬ್ಬನಿದ್ದ. ಇಟಲಿಯ ಪಡುವಾ ನಗರದ ವಿದ್ಯಾಪೀಠದಲ್ಲಿ ವೈದ್ಯಶಾಸ್ತ್ರ ಬೋಧಿಸುತ್ತಿದ್ದ ಸಾಂಟೋರಿಯೋ ಎಂಬಾತ ತನ್ನ ಕುರ್ಚಿಯನ್ನೇ ದೊಡ್ಡ ತಕ್ಕಡಿಗೆ ತೂಗುಹಾಕಿಕೊಂಡು, ತಾನು ತಿಂದದ್ದನ್ನೂ ಕುಡಿದದ್ದನ್ನೂ ವಿಸರ್ಜಿಸಿದ್ದನ್ನೂ ವರ್ಷಗಟ್ಟಲೆ ತೂಗಿದ. 1614ರಲ್ಲಿ ಆ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದ. ಒಳಗೆ ಹೋದದ್ದಕ್ಕೂ ಕಣ್ಣಿಗೆ ಕಾಣುವಂತೆ ಹೊರಗೆ ಬಂದದ್ದಕ್ಕೂ ತಾಳೆಯಾಗದೆ, ದೊಡ್ಡ ಪಾಲು ಕಾಣದಂತೆ ಮಾಯವಾಗುತ್ತದೆಂದು ಅವನಿಗೆ ತೋರಿತು. ಉಸಿರಿನ ಮೂಲಕವೂ ಚರ್ಮದ ಮೂಲಕವೂ ನಮಗೆ ತಿಳಿಯದಂತೆಯೇ ನೀರು ಹೋಗುತ್ತಿರುತ್ತದೆಂಬುದು ಇಂದು ಎಲ್ಲರೂ ಬಲ್ಲ ಸಂಗತಿ. ರಾತ್ರಿ ಮಲಗುವಾಗಿನ ತೂಕಕ್ಕೂ ಬೆಳಗ್ಗೆ ಎದ್ದು ಮೂತ್ರ ವಿಸರ್ಜಿಸಿದ ಮೇಲಿನ ತೂಕಕ್ಕೂ ಅರ್ಧ ಕಿಲೋ, ಕೆಲವರಲ್ಲಿ ಒಂದು ಕಿಲೋ ಅಂತರ ಬೀಳುವುದು ಹೀಗೆ.

ನಮ್ಮ ಮನೆಗಳಲ್ಲಿಯೇ ಇದಕ್ಕೆ ಚೆನ್ನಾದ ಉದಾಹರಣೆಯಿದೆ. ಏಕಾದಶಿಯ ದಿನ ಉಪವಾಸವಿದ್ದು, ದ್ವಾದಶಿಯ ಬೆಳಗ್ಗೆ ಪಾರಣೆಗೆ ಮೊದಲು ತೂಗಿಕೊಂಡರೆ ಒಂದು ಕಿಲೋವಿನಷ್ಟು ಇಳಿದಿರುವುದುಂಟು. ತ್ರಯೋದಶಿಯ ಬೆಳಗ್ಗೆ ನೋಡಿದರೆ ಅದರಲ್ಲಿ ಬಹುಪಾಲು ಹಿಂದಿರುಗಿರುತ್ತದೆ. ಹಾಗಾದರೆ ಒಂದು ದಿನದಲ್ಲಿ ಕರಗಿದ ಕೊಬ್ಬು ಮರುದಿನವೇ ಬೆಳೆಯಿತೆ? ಇಲ್ಲ. ನಾವು ಉಣ್ಣುವ ಅನ್ನ, ರಾಗಿ, ಗೋಧಿಗಳಿಂದ ಬಂದ ಸಕ್ಕರೆಯಲ್ಲಿ ಸ್ವಲ್ಪವನ್ನು ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಮಾಂಸಖಂಡಗಳಲ್ಲಿ ಸುಮಾರು 400 ಗ್ರಾಂ. ಅದರ ಒಂದೊಂದು ಗ್ರಾಮಿನ ಜೊತೆಗೂ ಸುಮಾರು 3 ಗ್ರಾಂ ನೀರು ಸೇರಿಕೊಂಡಿರುತ್ತದೆ. ಉಣ್ಣದಿದ್ದಾಗ ದೇಹ ಮೊದಲು ಕೈಹಾಕುವುದು ಈ ದಾಸ್ತಾನಿಗೆ. ಅದು ಕರಗಿದಷ್ಟೂ ಅದರ ನೀರೂ ಹೋಗುತ್ತದೆ. ಉಂಡೊಡನೆ ಎರಡೂ ಮರಳುತ್ತವೆ.

ಗೃಹಸ್ಥರ ಭಾಷೆಯಲ್ಲಿ ಹೇಳುವುದಾದರೆ, ಗ್ಲೈಕೋಜನ್ ಮತ್ತು ನೀರು ಜೇಬಿನ ಚಿಲ್ಲರೆ ಇದ್ದಂತೆ, ಕೊಬ್ಬು ಬ್ಯಾಂಕಿನ ಠೇವಣಿ ಇದ್ದಂತೆ. ಜೇಬಿನ ಹಣ ಸಂತೆಯ ದಿನ ಖಾಲಿಯಾಗುತ್ತದೆ, ಸಂಬಳದ ದಿನ ತುಂಬುತ್ತದೆ. ಠೇವಣಿ ಮಾತ್ರ ನಿಧಾನವಾಗಿ ಬೆಳೆಯುತ್ತದೆ, ನಿಧಾನವಾಗಿಯೇ ಕರಗುತ್ತದೆ. ಪಥ್ಯದ ಮೊದಲನೆಯ ವಾರದಲ್ಲಿ ಎರಡು ಕಿಲೋ ಇಳಿಯಿತೆಂದು ಹಿಗ್ಗುವವರೂ, ಮೂರನೆಯ ವಾರದಲ್ಲಿ ಮುಳ್ಳು ನಿಂತಲ್ಲೇ ನಿಂತಿತೆಂದು ಕುಗ್ಗುವವರೂ ಈ ಭೇದವನ್ನು ನೆನಪಿಡಬೇಕು. ಮೊದಲ ವಾರ ಹೋದದ್ದರಲ್ಲಿ ಹೆಚ್ಚಿನದು ಚಿಲ್ಲರೆ.

ಇನ್ನು ಉಪ್ಪಿನ ಮಾತು. ಮದುವೆ ಮನೆಯ ಊಟದ ಮರುದಿನ ತೂಕ ಏರಿದರೆ ಎಲ್ಲರೂ ಹೋಳಿಗೆಯನ್ನು ದೂರುತ್ತಾರೆ. ಆದರೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಾರು ಇವುಗಳ ಪಾತ್ರವನ್ನು ಯಾರೂ ವಿಚಾರಿಸುವುದಿಲ್ಲ. ಆಸ್ಪತ್ರೆಯಲ್ಲಿ ರೋಗಿಗೆ ಏರಿಸುವ ಸಲೈನಿನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ. ನಮ್ಮ ಮೈಯ ದ್ರವದ ಹದವನ್ನು ಅನುಸರಿಸಿ ಮಾಡಿದ ಪ್ರಮಾಣ ಅದು. ಈ ಲೆಕ್ಕದಂತೆ 4 ಅಥವಾ 5 ಗ್ರಾಂ ಹೆಚ್ಚುವರಿ ಉಪ್ಪು ಮೈಯಲ್ಲಿ ಉಳಿದರೆ ಅದರ ಹದಕ್ಕೆಂದು ಅರ್ಧ ಲೀಟರು ನೀರೂ ಉಳಿಯಬೇಕಾಗುತ್ತದೆ. ಆರೋಗ್ಯವಂತರಲ್ಲಿ ಮೂತ್ರಪಿಂಡಗಳು ಕೆಲವು ದಿನಗಳೊಳಗೆ ಇದನ್ನು ಹೊರಹಾಕಿಬಿಡುತ್ತವೆ. ದಿನಕ್ಕೆ ಒಟ್ಟು 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದನ್ನು ಇಲ್ಲಿಯೇ ಜ್ಞಾಪಿಸಿಕೊಳ್ಳಬಹುದು.

ಹೋಳಿಗೆಯ ಪರವಾಗಿಯೂ ಒಂದು ಲೆಕ್ಕ ಒಪ್ಪಿಸುತ್ತೇನೆ. ಒಂದು ಕಿಲೋ ಕೊಬ್ಬು ಮೈಗೂಡಬೇಕಾದರೆ ಖರ್ಚಿಗೆ ಮೀರಿ ಸುಮಾರು 7,700 ಕ್ಯಾಲರಿಯಷ್ಟು ಆಹಾರ ಸೇರಬೇಕು. ತುಪ್ಪ ಸವರಿದ ಹೋಳಿಗೆ ಒಂದಕ್ಕೆ 300 ಕ್ಯಾಲರಿ ಎಂದು ಧಾರಾಳವಾಗಿ ಹಿಡಿದರೂ, ದಿನದ ಊಟವನ್ನೆಲ್ಲ ಮಾಡಿ ಅದರ ಮೇಲೆ 25 ಹೋಳಿಗೆಗಳನ್ನು ತಿನ್ನಬೇಕಾಯಿತು! ಯುಗಾದಿಯ ಮರುದಿನ ಏರಿದ ಒಂದು ಕಿಲೋ ಕೊಬ್ಬಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಾಗೆಂದು ದಿನವೂ ಯುಗಾದಿ ಮಾಡಬಹುದೆಂದು ಅರ್ಥವಲ್ಲ. ಠೇವಣಿ ಬೆಳೆಯುವುದು ದಿನದಿನದ ಸಣ್ಣ ಉಳಿತಾಯದಿಂದಲೇ.

ಸ್ತ್ರೀಯರಿಗೆ ಇನ್ನೊಂದು ಕಾರಣವೂ ಉಂಟು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಅನೇಕರ ಮೈಯಲ್ಲಿ ನೀರು ನಿಲ್ಲುತ್ತದೆ. ತೂಕ ಏರಿ, ಆ ದಿನಗಳು ಕಳೆದ ಮೇಲೆ ತಾನಾಗಿ ಇಳಿಯುತ್ತದೆ. ಇಂಥವರು ಈ ತಿಂಗಳ ತೂಕವನ್ನು ಕಳೆದ ತಿಂಗಳ ಅದೇ ದಿನಗಳ ತೂಕದೊಡನೆ ಹೋಲಿಸುವುದು ಮೇಲು. ಹೊಸದಾಗಿ ವ್ಯಾಯಾಮ ಆರಂಭಿಸಿದವರ ನೊಂದ ಮಾಂಸಖಂಡಗಳೂ ಕೆಲವು ದಿನ ನೀರು ಹಿಡಿಯುತ್ತವೆ. ಮಲಬದ್ಧತೆಯೂ ಮುಳ್ಳನ್ನು ಮೇಲೆತ್ತುತ್ತದೆ.

ಹಾಗಾದರೆ ತೂಗಿಕೊಳ್ಳುವುದೇ ಬೇಡವೆ? ಬೇಕು, ಆದರೆ ಕ್ರಮವಿರಬೇಕು. ಬೆಳಗ್ಗೆ ಎದ್ದು, ಶೌಚ ಮುಗಿಸಿ, ಏನನ್ನೂ ತಿನ್ನುವುದಕ್ಕೆ ಮೊದಲು, ಒಂದೇ ಬಗೆಯ ಹಗುರ ಬಟ್ಟೆಯಲ್ಲಿ, ಒಂದೇ ಯಂತ್ರದ ಮೇಲೆ, ಗಟ್ಟಿಯಾದ ಸಮನೆಲದಲ್ಲಿ ನಿಂತು ತೂಗಿಕೊಳ್ಳಿ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿಯೇ ಬರೆದಿಡಿ. ವಾರದ ಕೊನೆಯಲ್ಲಿ ಏಳು ದಿನದ ತೂಕವನ್ನು ಕೂಡಿ ಏಳರಿಂದ ಭಾಗಿಸಿ, ಆ ಸರಾಸರಿಯನ್ನು ಮಾತ್ರ ನಂಬಿ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯ ವಾರ ಸೋಮವಾರದಿಂದ ಭಾನುವಾರದವರೆಗೆ ತೂಕ ಹೀಗಿದೆ: 72.4, 71.9, 72.8, 72.1, 71.8, 72.6, 71.6. ಎರಡನೆಯ ವಾರ: 72.0, 71.5, 71.7, 72.5, 71.9, 71.4, 71.3. ಎರಡನೆಯ ವಾರದ ಗುರುವಾರ, ಎಂದರೆ ಪಥ್ಯದ ಹನ್ನೊಂದನೆಯ ದಿನ, ಮುಳ್ಳು 72.5 ತೋರಿಸುತ್ತಿದೆ, ಮೊದಲ ದಿನಕ್ಕಿಂತಲೂ ಹೆಚ್ಚು! ಅನೇಕರು ಪಥ್ಯ ಬಿಡುವುದು ಇಂಥ ಗುರುವಾರಗಳಲ್ಲಿ. ಆದರೆ ಸರಾಸರಿ ನೋಡಿ: ಮೊದಲ ವಾರ 72.2, ಎರಡನೆಯ ವಾರ 71.8. ಸುಮಾರು 400 ಗ್ರಾಂ ಇಳಿದಿದೆ. ದಿನಕ್ಕೆ ಸುಮಾರು 440 ಕ್ಯಾಲರಿ ಕಡಿಮೆ ಉಂಡವರಿಗೆ ಸಲ್ಲತಕ್ಕ ಫಲ ಇಷ್ಟೇ. ಗುರುವಾರದ ಮುಳ್ಳಿಗೆ ಹೆದರಿದ್ದರೆ ಈ ಫಲವನ್ನು ಅವರು ಕಾಣುತ್ತಲೇ ಇರಲಿಲ್ಲ. ಮೂರು ನಾಲ್ಕು ವಾರ ಸರಾಸರಿಯೇ ಅಲುಗದಿದ್ದರೆ ಆಗ ಊಟದ ಪ್ರಮಾಣವನ್ನೂ ನಡಿಗೆಯನ್ನೂ ಮತ್ತೆ ಪರಿಶೀಲಿಸಿ. ದಿನವೂ ತೂಗಿದರೆ ಮನಸ್ಸು ಕೆಡುವುದೆಂದಾದರೆ ವಾರಕ್ಕೊಮ್ಮೆ, ಗೊತ್ತಾದ ದಿನ ತೂಗಿ. ಆದರೆ ಒಂದು ವಾರದ ಅಂಕೆಯಿಂದಲೇ ತೀರ್ಪು ಕೊಡದೆ ತಿಂಗಳ ನಾಲ್ಕು ಅಂಕೆಗಳನ್ನೂ ಒಟ್ಟಿಗೆ ನೋಡಿ.

ತೂಕವೊಂದೇ ಆರೋಗ್ಯದ ಅಳತೆಯೂ ಅಲ್ಲ. ದರ್ಜಿಯ ಟೇಪನ್ನು ಸೊಂಟಕ್ಕೆ ಸುತ್ತಿ ತಿಂಗಳಿಗೊಮ್ಮೆ ನೋಡಿ. ನಮ್ಮ ದೇಶದವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಮೀರಬಾರದೆಂಬುದು ವೈದ್ಯರ ಎಣಿಕೆ. ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ಸ್ಮರಣೀಯ. ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಸುಮಾರು ಎರಡೂವರೆ ವರ್ಷ ಗಮನಿಸಲಾಯಿತು. ವಿಶೇಷ ಸಲಹೆ ಪಡೆಯದವರಲ್ಲಿ ನೂರಕ್ಕೆ 55 ಮಂದಿಗೆ ಮಧುಮೇಹ ಬಂದರೆ, ಆಹಾರವನ್ನೂ ನಡಿಗೆಯನ್ನೂ ತಿದ್ದಿಕೊಳ್ಳುವ ಸಲಹೆ ಪಡೆದವರಲ್ಲಿ 39 ಮಂದಿಗೆ ಬಂದಿತು. ಸ್ವಾರಸ್ಯವೆಂದರೆ, ಈ ಎರಡನೆಯವರ ಸರಾಸರಿ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿತವೇ ಆಗಿರಲಿಲ್ಲ. ಮುಳ್ಳು ಅಲುಗದಿದ್ದಾಗಲೂ ಒಳಗೆ ಒಳ್ಳೆಯದು ನಡೆಯುತ್ತಿರಬಹುದು.

ಕೊನೆಗೆ ಕೆಲವು ಎಚ್ಚರಿಕೆಗಳು. ಇದುವರೆಗೆ ಹೇಳಿದ್ದು ಆರೋಗ್ಯವಂತರ ಸಹಜವಾದ ಏರಿಳಿತದ ಮಾತು. ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿ, ಜೊತೆಗೆ ಕಾಲು ಊದಿ, ಮಲಗಿದರೆ ಏದುಸಿರು ಬರುವಂತಿದ್ದರೆ ಅದು ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಯ ಸೂಚನೆಯಾಗಿರಬಹುದು. ತಡಮಾಡದೆ ವೈದ್ಯರನ್ನು ಕಾಣಿ. ಪ್ರಯತ್ನವಿಲ್ಲದೆಯೇ ತೂಕ ಇಳಿಯುತ್ತ ಹೋದರೂ ಹಾಗೆಯೇ. ಗರ್ಭಿಣಿಯರು ತಾವಾಗಿ ತೂಕ ಇಳಿಸುವ ಪಥ್ಯ ಹಿಡಿಯಕೂಡದು. ಅವರಿಗೆ ಮುಖ, ಕೈ ಊದಿಕೊಂಡು ತೂಕ ಥಟ್ಟನೆ ಏರಿದರೆ ಕೂಡಲೇ ತೋರಿಸಬೇಕು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ತೂಕ ಏರಿತೆಂದು ಗಾಬರಿಯಾಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ವಿಪರೀತ ಇಳಿದು ಪ್ರಜ್ಞೆ ತಪ್ಪುವ ಅಪಾಯವುಂಟು. ಮೂತ್ರ ಹೆಚ್ಚಿಸುವ ಮಾತ್ರೆ, ಭೇದಿಯ ಮದ್ದು ನುಂಗಿ ಮುಳ್ಳನ್ನು ಇಳಿಸುವವರೂ ಇದ್ದಾರೆ. ಅದರಿಂದ ಹೋಗುವುದು ನೀರು ಮತ್ತು ಲವಣಗಳು. ಕೊಬ್ಬು ಇದ್ದಲ್ಲಿಯೇ ಇರುತ್ತದೆ.

ತಾಳಿದವನು ಬಾಳಿಯಾನು ಎಂಬ ಗಾದೆ ಪಥ್ಯಕ್ಕೂ ಒಪ್ಪುತ್ತದೆ. ನಾಳೆ ಬೆಳಗ್ಗೆ ಮುಳ್ಳು ಮುಕ್ಕಾಲು ಕಿಲೋ ಏರಿದ್ದರೆ, ಅಂಕೆಯನ್ನು ಬರೆದಿಟ್ಟು, ಯಂತ್ರವನ್ನು ಮೂಲೆಗೆ ಸರಿಸಿ, ಎಂದಿನ ತಿಂಡಿಯನ್ನು ಎಂದಿನಷ್ಟೇ ತಿಂದು, ನಿಮ್ಮ ಕೆಲಸಕ್ಕೆ ಹೊರಡಿ.